ಮೊಮ್ಮಗನ ರಗ್ಬಿ ಒಪ್ಪಂದವೂ ಅಜ್ಜನ ಲೆಕ್ಕವೂ

ಕಬಡ್ಡಿ ಆಟಗಾರರ ಮೊಣಕಾಲಿನ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆಯುವಾಗ, ಸೇನೆಯಲ್ಲಿದ್ದ ದಿನಗಳಲ್ಲಿ ನಾನು ರಗ್ಬಿ ಆಡುತ್ತಿದ್ದೆನೆಂಬುದನ್ನು ಮಾತಿನ ನಡುವೆ ಹೇಳಿದ್ದೆ. ಈ ಸಲದ ಅಂಚೆಯಲ್ಲಿ ಬಂದ ನಾಲ್ಕು ಪತ್ರಗಳು ಆ ಒಂದು ಸಾಲಿನ ಫಲ. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ. ಆ ಹಿರಿಯರು ಎತ್ತಿರುವ ಪ್ರಶ್ನೆಯನ್ನು ಹೊತ್ತಿಗೆ ಸರಿಯಾಗಿ ಕೇಳುವವರು ಮನೆಯಲ್ಲಿ ಇಲ್ಲದೆ ಕೆಲವು ಒಳ್ಳೆಯ ಹುಡುಗರು ಕಂಗಾಲಾದುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನ್ನ ಮಗಳ ಸಂಸಾರ ಹದಿನೈದು ವರ್ಷಗಳಿಂದ ಇಂಗ್ಲೆಂಡಿನಲ್ಲಿದೆ. ಅವಳ ಮಗ, 18 ವರ್ಷದವನು, ಅಲ್ಲಿನ ಪ್ರೀಮಿಯರ್‌ಶಿಪ್‌ನ ಒಂದು ರಗ್ಬಿ ಕ್ಲಬ್ಬಿನ ಅಕಾಡೆಮಿಯಲ್ಲಿ ಸಂಬಳದ ಒಪ್ಪಂದಕ್ಕೆ ಸಹಿ ಹಾಕಿದ್ದಾನೆ. ಮುಂದಿನ ಸಾಲಿನ ಬಲತುದಿಯಲ್ಲಿ ನಿಂತು ತಳ್ಳುವುದು ಅವನ ಕೆಲಸವಂತೆ. ಆರು ತಿಂಗಳಾದರೂ ಮುಖ್ಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡಿಸಿಲ್ಲ. ಹಣ ಕೊಟ್ಟು ಕೊಂಡ ಸರಕನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವ ವ್ಯಾಪಾರ ಎಲ್ಲಿಯಾದರೂ ಉಂಟೇ? ವಿಶ್ವವಿದ್ಯಾಲಯಕ್ಕೆ ಸೇರುವುದನ್ನೂ ಅವನು ಮುಂದೂಡಿದ್ದಾನೆ. ಅಳಿಯನಿಗೆ ನಾನು ಏನು ಹೇಳಲಿ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಉತ್ತರ: ಗೋದಾಮಿನ ಹೋಲಿಕೆಯನ್ನು ತುಸು ಬದಲಿಸಬೇಕಾಗುತ್ತದೆ. ಕ್ಲಬ್ಬಿನವರು ನಿಮ್ಮ ಮೊಮ್ಮಗನನ್ನು ಸಿದ್ಧ ಸರಕೆಂದು ಕೊಂಡಿಲ್ಲ, ಅಡಿಕೆ ಸಸಿಯೆಂದು ಕೊಂಡಿದ್ದಾರೆ. ಸಸಿ ನೆಟ್ಟ ಮರುವರ್ಷವೇ ಗೊನೆ ಎಲ್ಲಿ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಆದರೆ ನೀರು ಬಿಡುತ್ತಿದ್ದಾರೆಯೇ, ಬುಡಕ್ಕೆ ಗೊಬ್ಬರ ಹಾಕುತ್ತಿದ್ದಾರೆಯೇ ಎಂದು ಖಂಡಿತ ನೋಡುತ್ತಾರೆ. ನೀವು ನೋಡಬೇಕಾದದ್ದೂ ಅದನ್ನೇ.

ಮೊದಲು ಅವನ ಕೆಲಸ ಏನೆಂದು ಹೇಳುತ್ತೇನೆ. ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ. ಅವರಲ್ಲಿ ಎಂಟು ಜನ ಮೂರು ಸಾಲಾಗಿ ಒಬ್ಬರನ್ನೊಬ್ಬರು ತೋಳಿನಲ್ಲಿ ಬಿಗಿದುಕೊಂಡು, ಬಾಗಿ, ಎದುರಿನ ಎಂಟು ಜನರಿಗೆ ಭುಜ ಕೊಟ್ಟು ತಳ್ಳುವುದನ್ನು ಸ್ಕ್ರಮ್ ಎನ್ನುತ್ತಾರೆ. ನಿಮ್ಮ ವಿವರಣೆಯಂತೆ ಹುಡುಗ 3ನೇ ಸಂಖ್ಯೆಯ ಅಂಗಿ ತೊಡುವ ಟೈಟ್‌ಹೆಡ್ ಪ್ರಾಪ್. ಮುಂದಿನ ಸಾಲಿನ ಎಡತುದಿಯವನಿಗೆ ತಲೆಯ ಒಂದು ಬದಿ ಬಯಲಾಗಿರುತ್ತದೆ. ಬಲತುದಿಯ ಇವನ ತಲೆ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಎರಡೂ ಭುಜಗಳ ಮೇಲೆ ಭಾರ ಬೀಳುತ್ತದೆ. ವೃತ್ತಿಪರ ತಂಡದಲ್ಲಿ ಆ ಎಂಟು ಜನರ ಒಟ್ಟು ತೂಕ ಸುಮಾರು 900 ಕಿಲೋ. ಇನ್ನು ಮುಖ್ಯವಾದ ಸಂಗತಿಯೊಂದಿದೆ: 19 ವರ್ಷದೊಳಗಿನವರ ಆಟದಲ್ಲಿ ಸ್ಕ್ರಮ್ಮನ್ನು ಒಂದೂವರೆ ಮೀಟರಿಗಿಂತ ಮುಂದಕ್ಕೆ ತಳ್ಳಬಾರದೆಂಬ ನಿಯಮವಿದೆ. ಹಾಗಾಗಿ ಶಾಲೆಯಲ್ಲಿ ಎಷ್ಟೇ ಹೆಸರು ಮಾಡಿದ್ದರೂ, ತಡೆಯಿಲ್ಲದೆ ನುಗ್ಗುವ ದೊಡ್ಡವರ ಸ್ಕ್ರಮ್ ಎಂಬುದು ಅವನಿಗೆ ಹೊಸದು. ಅವನನ್ನು ಈಗಲೇ ಮುಖ್ಯ ತಂಡದಲ್ಲಿ ಇಳಿಸಿದ್ದರೆ ನಾನು ಆ ಕ್ಲಬ್ಬನ್ನು ಅನುಮಾನಿಸುತ್ತಿದ್ದೆ.

ನಾನು ಆಡುತ್ತಿದ್ದುದೂ ಅದೇ ಜಾಗದಲ್ಲಿ. ಮೊದಲ ಸಲ ಹಿರಿಯರ ಎದುರು ಇಳಿದಾಗ ನನಗೆ ಇಪ್ಪತ್ತೊಂದು ವರ್ಷ, ಎದುರಿಗಿದ್ದ ಹವಾಲ್ದಾರರಿಗೆ ಮೂವತ್ತು ದಾಟಿತ್ತು, ತೂಕದಲ್ಲಿ ಅವರು ನನಗಿಂತ ಕಡಿಮೆ. ಬಾಗಿದ ಮೇಲೆ ಕಾಣುವುದು ಹುಲ್ಲು ಮತ್ತು ಸ್ವಂತ ಬೂಟು ಮಾತ್ರ. ಅವರು ಸೊಂಟವನ್ನು ಎರಡು ಬೆರಳಿನಷ್ಟು ಒಳಕ್ಕೆ ತಿರುಗಿಸಿರಬೇಕು. ನನ್ನ ಗಲ್ಲ ಎದೆಗೆ ಒತ್ತಿಕೊಂಡಿತು, ಉಸಿರು ಕಟ್ಟಿತು, ಹಿಮ್ಮಡಿಗಳು ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಹಿಂದಕ್ಕೆ ಹೋದವು. ಆಟ ಮುಗಿದ ಬಳಿಕ ಅವರು ಬಂದು ನನ್ನ ಬೂಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಸ್ಟಡ್ಡು ಗಿಡ್ಡವಾಯಿತು, ಉದ್ದದ್ದು ಹಾಕಿಸಿಕೋ ಎಂದಷ್ಟೇ ಹೇಳಿದರು. ಇಂಥದ್ದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ನನ್ನ ಎಡಗಿವಿ ಈಗಲೂ ಒಣಗಿದ ಪುನರ್ಪುಳಿ ಸಿಪ್ಪೆಯಂತೆ ಮುದುಡಿಕೊಂಡಿರುವುದು ಆ ಮೂರು ವರ್ಷಗಳ ರಸೀದಿ.

ಈ ಜಾಗದ ಆಟಗಾರರು ತಡವಾಗಿಯೇ ಪಕ್ವವಾಗುತ್ತಾರೆ. ಐರ್ಲೆಂಡಿನ ಟೈಗ್ ಫರ್ಲಾಂಗ್ 1992ರಲ್ಲಿ ಹುಟ್ಟಿದವರು. ದೇಶದ ಪರವಾಗಿ ಮೊದಲ ಬಾರಿ ಆಡಿದ್ದು 2015ರಲ್ಲಿ, ಮೊದಲ ಬಾರಿಗೆ ಆರಂಭಿಕ ತಂಡದಲ್ಲಿ ನಿಂತದ್ದು ಇನ್ನೂ ಒಂದು ವರ್ಷದ ಮೇಲೆ. ಆಮೇಲೆ ನಾಲ್ಕು ದೇಶಗಳ ಆಯ್ದ ಆಟಗಾರರ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡ 2017, 2021, 2025ರ ಪ್ರವಾಸಗಳಲ್ಲಿ ಆಡಿದ ಟೆಸ್ಟ್ ಪಂದ್ಯಗಳಲ್ಲೆಲ್ಲ ಅದೇ 3ನೇ ಅಂಗಿ ಅವರದೇ ಆಯಿತು. ಚೆಂಡು ಹಂಚುವ, ಓಡುವ ಜಾಗಗಳ ಕತೆ ಬೇರೆ. ಫ್ರಾನ್ಸಿನ ಆಂತ್ವಾನ್ ದ್ಯುಪಾಂ 2014ರಲ್ಲಿ ಕ್ಯಾಸ್ತ್ರ್ ಕ್ಲಬ್ಬಿಗೆ ಬಂದಾಗ ಅವರಿಗೆ ಇನ್ನೂ ಹದಿನೇಳು. ಇಪ್ಪತ್ತರಲ್ಲಿ ದೇಶಕ್ಕೆ ಆಡಿದರು. ಟಿ.ವಿ.ಯಲ್ಲಿ ಅಂಥವರನ್ನು ಕಂಡು ನಮ್ಮ ಹುಡುಗ ಹಿಂದುಳಿದ ಎಂದುಕೊಳ್ಳುವುದು ಬೇಡ.

ಹಾಗೆಂದು ಕಾಯುವುದೆಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬೆಂಚಿನಲ್ಲಿ ಕುಳಿತು ಕಾಯುವುದು ಒಂದು, ಬೇರೆಲ್ಲೋ ಆಡುತ್ತಾ ಕಾಯುವುದು ಇನ್ನೊಂದು. ಅಲ್ಲಿನ ಕ್ಲಬ್‌ಗಳು ಅಕಾಡೆಮಿಯ ಹುಡುಗರನ್ನು ಕೆಳಗಿನ ದರ್ಜೆಯ ತಂಡಗಳಿಗೆ ಎರವಲಾಗಿ ಕಳುಹಿಸುವ ಪದ್ಧತಿ ಇಟ್ಟುಕೊಂಡಿವೆ. ವಾರವಿಡೀ ತನ್ನ ಕ್ಲಬ್ಬಿನಲ್ಲಿ ತರಬೇತಿ ಪಡೆದು, ಶನಿವಾರ ಸಣ್ಣ ಊರಿನ ಕೆಸರು ಮೈದಾನದಲ್ಲಿ, ಹಗಲು ಬೇರೆ ಉದ್ಯೋಗ ಮಾಡುವ ನುರಿತ ಗಂಡಸರ ಎದುರು ಆಡುವ ಆ ಪಂದ್ಯಗಳೇ ಪ್ರಾಪ್ ಒಬ್ಬನ ನಿಜವಾದ ಪಾಠಶಾಲೆ. ಆದ್ದರಿಂದ ಮುಖ್ಯ ತಂಡದಲ್ಲಿ ಎಷ್ಟು ಆಡಿದ ಎಂದು ಕೇಳುವ ಬದಲು, ಎಲ್ಲ ಸೇರಿ ಈ ಋತುವಿನಲ್ಲಿ ಎಷ್ಟು ನಿಮಿಷ ಆಡಿದ ಎಂದು ಕೇಳಿ. ಎರಡನೆಯ ವರ್ಷದ ಕೊನೆಗೂ ಆ ಲೆಕ್ಕ ಸೊನ್ನೆಯ ಹತ್ತಿರವೇ ಇದ್ದರೆ ಆಗ ನಿಮ್ಮ ಗೋದಾಮಿನ ಮಾತು ಸರಿ.

ಇನ್ನು ಒಪ್ಪಂದದ ಕಾಗದ. ಬ್ಯಾಂಕಿನಲ್ಲಿ ಸಾಲಪತ್ರಗಳನ್ನು ಓದಿದ ಕಣ್ಣು ನಿಮ್ಮದು, ಅಳಿಯನಿಂದ ಅದನ್ನು ತರಿಸಿಕೊಂಡು ನೀವೇ ಓದಿ. ಸಂಬಳದ ಅಂಕಿಯನ್ನು ಕೊನೆಗೆ ನೋಡಿದರೆ ಸಾಕು. ಅಕಾಡೆಮಿಯ ಸಂಬಳ ಊಟ, ಬಾಡಿಗೆಗೆ ಆದರೆ ದೊಡ್ಡದು. ಗಾಯಗೊಂಡು ತಿಂಗಳುಗಟ್ಟಲೆ ಆಡಲಾಗದಿದ್ದರೆ ಎಷ್ಟು ಕಾಲ ಸಂಬಳ ಬರುತ್ತದೆ, ಎಷ್ಟು ದಿನದ ನೋಟಿಸಿನಲ್ಲಿ ಒಪ್ಪಂದವನ್ನು ಮುರಿಯಬಹುದು, ಕ್ಲಬ್ಬಿನ ವೈದ್ಯರಲ್ಲದೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಅವನಿಗೆ ಹಕ್ಕಿದೆಯೇ, ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಓದಿಗೆ ವಾರದಲ್ಲಿ ಯಾವ ದಿನ ಬಿಡುವು ಕೊಡುತ್ತಾರೆ ಎಂಬ ಸಾಲುಗಳನ್ನು ಮೊದಲು ಹುಡುಕಿ. ಒಪ್ಪಂದದಲ್ಲಿ ಇಲ್ಲದೆ ಬರೀ ಬಾಯಿಮಾತಿನಲ್ಲಿರುವ ಭರವಸೆಯನ್ನು ಜಾಮೀನಿಲ್ಲದ ಸಾಲವೆಂದೇ ತಿಳಿಯಿರಿ. ಅಲ್ಲಿ ವೃತ್ತಿಪರ ಆಟಗಾರರ ಸಂಘವೊಂದಿದೆ. ಮೊಣಕಾಲಿನ ಗಾಯದಿಂದ ಆಟ ಬಿಡಬೇಕಾಗಿ ಬಂದ ಇಂಗ್ಲೆಂಡಿನ ಆಟಗಾರ ಡೇಮಿಯನ್ ಹಾಪ್ಲಿ 1998ರಲ್ಲಿ ಅದನ್ನು ಕಟ್ಟಿದರು. ಹುಡುಗ ಅದರ ಸದಸ್ಯನಾಗಿದ್ದಾನೆಯೇ ಎಂದು ವಿಚಾರಿಸಿ. ಕಾಗದ ಓದಿ ಹೇಳುವ ಜನ ಅಲ್ಲಿ ಸಿಗುತ್ತಾರೆ.

ಕ್ಲಬ್ಬು ದೊಡ್ಡದು ಎಂಬುದನ್ನೇ ಭದ್ರತೆ ಎಂದುಕೊಳ್ಳುವಂತಿಲ್ಲ. 2022ರ ಶರತ್ಕಾಲದಲ್ಲಿ ವೂಸ್ಟರ್ ವಾರಿಯರ್ಸ್ ಮತ್ತು ವಾಸ್ಪ್ಸ್, ಮರುವರ್ಷ ಲಂಡನ್ ಐರಿಷ್, ಹೀಗೆ ಪ್ರೀಮಿಯರ್‌ಶಿಪ್‌ನ ಮೂರು ಕ್ಲಬ್‌ಗಳು ಸಾಲದಲ್ಲಿ ಮುಳುಗಿ ಲೀಗಿನಿಂದ ಹೊರಬಿದ್ದವು. ಋತುವಿನ ನಡುವೆಯೇ ಆಟಗಾರರು ಕೆಲಸ ಕಳೆದುಕೊಂಡು ಬೇರೆ ಕ್ಲಬ್‌ಗಳ ಬಾಗಿಲು ತಟ್ಟಬೇಕಾಯಿತು. ಅದರಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ಹೆಸರಾದವರಿಗಲ್ಲ, ಅಕಾಡೆಮಿಯಿಂದ ಆಗಷ್ಟೇ ಮೇಲೆ ಬಂದವರಿಗೆ.

ಆದ್ದರಿಂದ ವಿಶ್ವವಿದ್ಯಾಲಯದ ವಿಷಯದಲ್ಲಿ ನಾನು ನಿಮ್ಮ ಕಡೆಗೇ. ಒಂದು ವರ್ಷ ಮುಂದೂಡಿದ್ದರಲ್ಲಿ ತಪ್ಪಿಲ್ಲ, ಎರಡನೆಯ ವರ್ಷವೂ ಮುಂದೂಡಿದರೆ ಬಹುಮಟ್ಟಿಗೆ ಕೈಬಿಟ್ಟಂತೆಯೇ. ಎಕ್ಸೆಟರ್, ಲಫ್‌ಬರೋ ಮೊದಲಾದ ಕಡೆ ಓದುತ್ತಲೇ ಮೇಲ್ಮಟ್ಟದ ವಿಶ್ವವಿದ್ಯಾಲಯ ರಗ್ಬಿ ಆಡುವವರಿದ್ದಾರೆ. ಅಲ್ಲಿಂದ ಪ್ರೀಮಿಯರ್‌ಶಿಪ್‌ಗೆ ಹೋದವರೂ ಇದ್ದಾರೆ. ವೇಲ್ಸ್‌ನ ಜೇಮಿ ರಾಬರ್ಟ್ಸ್ ದೇಶದ ಪರ ಆಡುತ್ತಿದ್ದಾಗಲೇ ಕಾರ್ಡಿಫ್‌ನಲ್ಲಿ ವೈದ್ಯಕೀಯ ಓದಿ 2013ರಲ್ಲಿ ಪದವಿ ಪಡೆದರು. ಹೆಜ್ಜೆಗೊಂದು ಮೆಡಿಕಲ್ ಕಾಲೇಜಿರುವ ನಮ್ಮ ಅವಳಿ ಜಿಲ್ಲೆಯ ಮನೆಗಳಲ್ಲಿ ಈ ಉದಾಹರಣೆ ಉಳಿದೆಲ್ಲಕ್ಕಿಂತ ಬೇಗ ತಲೆಗೆ ಹೋಗುತ್ತದೆಂದು ನನಗೆ ಗೊತ್ತು.

ಅಳಿಯನಿಗೆ ಇಷ್ಟು ಹೇಳಿ. ಮೊಮ್ಮಗನಿಗೆ ಫೋನು ಮಾಡಿದಾಗ ಮಾತ್ರ, ಮ್ಯಾಚ್ ಯಾವಾಗ ಮಾರಾಯ ಎಂದು ಕೇಳಬೇಡಿ. ಅದನ್ನು ಅವನಿಗೆ ದಿನಕ್ಕೆ ಹತ್ತು ಜನ ಕೇಳುತ್ತಿರುತ್ತಾರೆ. ಈ ವಾರ ಎಷ್ಟು ಸ್ಕ್ರಮ್ ಮಾಡಿದೆ, ಕುತ್ತಿಗೆ ಹೇಗಿದೆ ಎಂದು ಕೇಳಿ ನೋಡಿ, ಅರ್ಧ ಗಂಟೆ ಮಾತಾಡುತ್ತಾನೆ.

ಪ್ರಶ್ನೆ: ಟಿ.ವಿ.ಯಲ್ಲಿ ಒಮ್ಮೆ 13 ಜನ, ಒಮ್ಮೆ 15 ಜನ, ಇನ್ನೊಮ್ಮೆ ಏಳೇ ಜನ ಆಡುತ್ತಾರೆ. ಎಲ್ಲಕ್ಕೂ ರಗ್ಬಿ ಎಂದೇ ಹೆಸರು. ಇದೇನು ಗೊಂದಲ?
– ಕದ್ರಿ, ಮಂಗಳೂರು

ಉತ್ತರ: ಗೊಂದಲದ ಮೂಲ ಸಂಬಳ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿಗಳ ಊರುಗಳಲ್ಲಿ ಶನಿವಾರ ಆಡಲು ಹೋದವನಿಗೆ ಆ ದಿನದ ಕೂಲಿ ತಪ್ಪುತ್ತಿತ್ತು. ಅದನ್ನು ಕ್ಲಬ್ಬು ತುಂಬಿಕೊಡಬಾರದೆಂದು ಆಟದ ಒಡೆಯರು ಹಟ ಹಿಡಿದದ್ದರಿಂದ ಅಲ್ಲಿನ ಕ್ಲಬ್‌ಗಳು 1895ರ ಆಗಸ್ಟಿನಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರಿನ ಹೋಟೆಲೊಂದರಲ್ಲಿ ಸಭೆ ಸೇರಿ ಬೇರೆಯಾದವು. ಅವರ ಆಟವೇ ಮುಂದೆ 13 ಜನರ ರಗ್ಬಿ ಲೀಗ್ ಆಯಿತು. ಹಣ ಮುಟ್ಟೆವು ಎಂದವರ 15 ಜನರ ಆಟ ರಗ್ಬಿ ಯೂನಿಯನ್. ಆ ವ್ರತ ಸರಿಯಾಗಿ ನೂರು ವರ್ಷ ನಡೆದು 1995ರ ಆಗಸ್ಟಿನಲ್ಲಿ ಮುರಿಯಿತು. ಮೇಲಿನ ಪತ್ರದ ಹುಡುಗ ಸಂಬಳದ ಕಾಗದಕ್ಕೆ ಸಹಿ ಹಾಕಲು ಸಾಧ್ಯವಾದದ್ದು ಆ ಬಳಿಕವೇ. ಏಳು ಜನರದ್ದು ಯೂನಿಯನ್‌ನದೇ ಚುಟುಕು ರೂಪ, ಏಳೇಳು ನಿಮಿಷದ ಎರಡು ಅವಧಿ, 2016ರ ರಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ.

ಹಣ ಮುಟ್ಟದ ಆ ಕಾಲದ ಒಂದು ನೆನಪು ನಮ್ಮ ದೇಶದ್ದೂ ಹೌದು. ಕಲ್ಕತ್ತಾದಲ್ಲಿದ್ದ ರಗ್ಬಿ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ಪಡೆದು, ಕರಗಿಸಿ, ಒಂದು ಬಟ್ಟಲು ಮಾಡಿಸಿದರು. ಅದಕ್ಕೆ ಹಿಡಿಕೆಗಳಾಗಿ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುತ್ತಿರುವುದು ಅದಕ್ಕಾಗಿ.

ಪ್ರಶ್ನೆ: ನಾನು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿ. ಶಾಲಾ ದಿನಗಳಿಂದ ಕಬಡ್ಡಿ ಆಡುತ್ತಿದ್ದೇನೆ, ಕಾರ್ನರ್ ಡಿಫೆಂಡರ್. ಎತ್ತರ 5 ಅಡಿ 10 ಅಂಗುಲ, ತೂಕ 78 ಕಿಲೋ. ರಗ್ಬಿಯಲ್ಲಿ ವೃತ್ತಿಪರನಾಗಲು ಸಾಧ್ಯವೇ?
– ಬಂಟ್ವಾಳ

ಉತ್ತರ: ತಮ್ಮಾ, ಹೌದು ಎಂದರೂ ಸುಳ್ಳಾದೀತು, ಇಲ್ಲ ಎಂದರೂ ಸುಳ್ಳಾದೀತು. ಭಾರತದಲ್ಲಿ 15 ಜನರ ಆಟದಿಂದ ಹೊಟ್ಟೆ ಹೊರೆಯುವ ಲೀಗ್ ಇಲ್ಲ. ಏಳು ಜನರ ಆಟದಲ್ಲಿ ಬಾಗಿಲು ಈಗಷ್ಟೇ ತೆರೆದಿದೆ: 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಬಾರಿ ನಡೆಯಿತು. ಆರು ತಂಡಗಳು, ಅವುಗಳಲ್ಲಿ ಒಂದು ಬೆಂಗಳೂರಿನದು. ಚೆನ್ನೈ ತಂಡ ಗೆದ್ದಿತು. ವಿದೇಶದ ಒಲಿಂಪಿಕ್ಸ್ ಆಟಗಾರರ ಜೊತೆಗೆ ನಮ್ಮ ಹುಡುಗರು ಆಡಿದರು. ಆದರೆ ಅದು ಎರಡು ವಾರಗಳ ಕೆಲಸ. ವರ್ಷದ ಉಳಿದ ಐವತ್ತು ವಾರ ಅನ್ನ ಎಲ್ಲಿಂದ ಎಂಬುದಕ್ಕೆ ಇಂದಿಗೂ ಹೆಚ್ಚಿನ ಆಟಗಾರರ ಉತ್ತರ ಸೇನೆ, ಪೊಲೀಸ್ ಅಥವಾ ಬೇರೊಂದು ಉದ್ಯೋಗವೇ. ನನ್ನದೂ ಅದೇ ಆಗಿತ್ತು.

ನಿನ್ನ ಕಬಡ್ಡಿ ನಿನಗೆ ಆಸ್ತಿ, ಜೊತೆಗೆ ಒಂದು ಸಾಲವೂ ಹೌದು. ಬಾಗಿ ನಿಲ್ಲುವುದು, ಎದುರಾಳಿಯ ಕಣ್ಣನ್ನು ಬಿಟ್ಟು ಸೊಂಟವನ್ನು ನೋಡುವುದು, ಕಣಕಾಲಿಗೆ ಕೈ ಹಾಕುವ ಧೈರ್ಯ, ಇವನ್ನು ಊರಿನ ಅಂಗಳದಲ್ಲಿ ಕಲಿತು ಬಂದವನಿಗೆ ಟ್ಯಾಕಲ್ ಹೇಳಿಕೊಡುವುದು ಸುಲಭ. ಆದರೆ ಹಿಡಿದವನನ್ನು ಬಿಡದಿರುವುದೇ ಕಬಡ್ಡಿ. ಉಸಿರು ಮುರಿಯುವ ತನಕ, ಸೀಟಿ ಊದುವ ತನಕ ಬಿಗಿಹಿಡಿತ. ರಗ್ಬಿಯಲ್ಲಿ ಅವನು ನೆಲಕ್ಕೆ ಬಿದ್ದ ಕ್ಷಣವೇ ನೀನು ಕೈ ಬಿಡಬೇಕು, ಎದ್ದು ನಿಂತು ಆಮೇಲೆ ಚೆಂಡಿಗೆ ಕೈ ಹಾಕಬೇಕು. ಬಿಡದಿದ್ದರೆ ಪೆನಾಲ್ಟಿ, ಎದುರಿನವರು ಗುರಿ ಇಟ್ಟು ಒದ್ದರೆ ಮೂರು ಅಂಕ. ಕಬಡ್ಡಿಯಿಂದ ಬಂದ ಹುಡುಗರಿಗೆ ಈ ಬಿಡುವಿಕೆಯನ್ನು ಕಲಿಸಲು ನಾನು ಪಟ್ಟ ಪಾಡು ಹಿಡಿತ ಕಲಿಸಲು ಎಂದೂ ಪಟ್ಟಿಲ್ಲ.

ನಿನ್ನ ತೂಕಕ್ಕೆ ಏಳು ಜನರ ಆಟ ಹೊಂದುತ್ತದೆ. ಅಲ್ಲಿ ಮೈದಾನ 15 ಜನರದ್ದೇ ಅಳತೆಯದು, ಆದ್ದರಿಂದ ಬೇಕಾದದ್ದು ಓಟ. ಮಲ್ಪೆಯ ಮರಳಿನಲ್ಲಿ ನಿಧಾನ ಓಡಿ ಬೆವರಿಳಿಸುವುದು ಚಂದವೇ, ಆದರೆ ಅದರಿಂದ ವೇಗ ಬಾರದು. ಮಂಗಳಾ ಕ್ರೀಡಾಂಗಣದಂಥ ಟ್ರ್ಯಾಕಿನಲ್ಲಿ 40 ಮೀಟರ್ ಪೂರ್ಣ ವೇಗದಲ್ಲಿ ಓಡಿ, ಚೆನ್ನಾಗಿ ದಣಿವಾರಿಸಿಕೊಂಡು, ಮತ್ತೆ ಓಡು. ಪರೀಕ್ಷೆ ಮುಗಿಸಿ, ಪದವಿಗೆ ಬೆಂಗಳೂರಿಗೆ ಹೋಗುವುದಿದ್ದರೆ ಅಲ್ಲಿನ ಕ್ಲಬ್ಬೊಂದರಲ್ಲಿ ಒಂದು ವರ್ಷ ಆಡಿ ನೋಡು. ಜಿಮ್ಮಿನಲ್ಲಿ ಯಾರೋ ಕೊಡುವ ಪುಡಿ, ಮಾತ್ರೆಗಳಿಗೆ ಮಾತ್ರ ಕೈ ಹಾಕಬೇಡ. ಡಬ್ಬಿಯಲ್ಲಿ ಬರೆಯದ ಉದ್ದೀಪನ ಮದ್ದು ಅದರಲ್ಲಿದ್ದು ಪರೀಕ್ಷೆಯಲ್ಲಿ ಸಿಕ್ಕಿದರೆ, ಗೊತ್ತಿರಲಿಲ್ಲ ಎಂಬ ಮಾತಿನಿಂದ ನೀನು ಪಾರಾಗಲಾರೆ. ನಾಲ್ಕು ವರ್ಷದವರೆಗೆ ನಿಷೇಧವಾಗಬಹುದು. ಮೊಟ್ಟೆ, ಬಂಗುಡೆ, ಹೆಸರುಕಾಳು ಸಾಕು.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ರಗ್ಬಿ ಸೆವೆನ್ಸ್ ಆಡುತ್ತಾಳೆ. ಕಳೆದ ತಿಂಗಳು ತಲೆಗೆ ಪೆಟ್ಟಾಗಿ ಎರಡು ದಿನ ಮಂಕಾಗಿದ್ದಳು. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಎಂದರು. ಮೂರನೆಯ ದಿನವೇ ತರಬೇತುದಾರರು ಆಡಲು ಕರೆದರು. ಕಳುಹಿಸಬಹುದಿತ್ತೇ?
– ತಾಯಿ, ಸುರತ್ಕಲ್

ಉತ್ತರ: ಅಮ್ಮಾ, ಕಳುಹಿಸಬಾರದಿತ್ತು. ಮಿದುಳು ಅಲುಗಿದ ಈ ಬಗೆಯ ಪೆಟ್ಟಿಗೆ ಕನ್ಕಷನ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಒಳಗೆ ರಕ್ತಸ್ರಾವ ಅಥವಾ ಮೂಳೆಮುರಿತ ಇಲ್ಲವೆಂಬುದನ್ನಷ್ಟೇ ಆ ಚಿತ್ರ ಹೇಳುತ್ತದೆ. ವೃತ್ತಿಪರ ಪಂದ್ಯದಲ್ಲಿ ಅನುಮಾನ ಬಂದ ಆಟಗಾರನನ್ನು ಹೊರಗೆ ಕರೆದು 12 ನಿಮಿಷಗಳ ಅವಧಿಯಲ್ಲಿ ವೈದ್ಯರು ಪರೀಕ್ಷಿಸುತ್ತಾರೆ. 2024ರಿಂದ ಮೇಲ್ಮಟ್ಟದ ಪಂದ್ಯಗಳಲ್ಲಿ ಹಲ್ಲಿನ ಕವಚದೊಳಗೇ ಪೆಟ್ಟಿನ ತೀವ್ರತೆ ಅಳೆಯುವ ಸಾಧನ ಇಟ್ಟಿದ್ದಾರೆ. ಅಂಥ ವೈದ್ಯರೂ ಸಾಧನಗಳೂ ಇಲ್ಲದ ನಮ್ಮಂಥ ಮೈದಾನಗಳಿಗೆ ವಿಶ್ವ ರಗ್ಬಿ ಸಂಸ್ಥೆಯ ಸೂಚನೆ ಸರಳವಾಗಿದೆ: ಅನುಮಾನ ಬಂದರೆ ಆ ಕ್ಷಣವೇ ಹೊರಗೆ, ಅಂದು ಮತ್ತೆ ಒಳಗಿಲ್ಲ, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ, ಅದೂ ಹಂತಹಂತವಾಗಿ, ತಲೆನೋವು ಮತ್ತು ಮಂಕು ಪೂರ್ತಿ ಹೋದ ಮೇಲೆ.

ಇದು ಅತಿಯಾದ ಎಚ್ಚರಿಕೆಯಲ್ಲ. ಇಂಗ್ಲೆಂಡ್ 2003ರ ವಿಶ್ವಕಪ್ ಗೆದ್ದಾಗ ಮುಂದಿನ ಸಾಲಿನ ನಡುವೆ ಆಡಿದ ಸ್ಟೀವ್ ಥಾಂಪ್ಸನ್, ತನಗೆ ಮರೆವಿನ ಕಾಯಿಲೆ ಆರಂಭವಾಗಿದೆಯೆಂದೂ ಆ ಗೆಲುವೇ ನೆನಪಿನಲ್ಲಿಲ್ಲವೆಂದೂ 2020ರ ಡಿಸೆಂಬರಿನಲ್ಲಿ ಹೇಳಿಕೊಂಡರು. ಆಗ ಅವರಿಗೆ ಇನ್ನೂ 42 ವರ್ಷ. ವೃತ್ತಿಯ ಆರಂಭದಲ್ಲಿರುವ ಹುಡುಗ-ಹುಡುಗಿಯರು ಪೆಟ್ಟನ್ನು ಮುಚ್ಚಿಡುವುದೇ ಹೆಚ್ಚು, ಏಕೆಂದರೆ ತನ್ನ ಜಾಗ ಇನ್ನೊಬ್ಬರಿಗೆ ಹೋದೀತೆಂಬ ಭಯ. ನಾನೂ ಒಮ್ಮೆ ಮುಚ್ಚಿಟ್ಟಿದ್ದೆ. ಆ ಪಂದ್ಯದ ದ್ವಿತೀಯಾರ್ಧವನ್ನು ಗೆಳೆಯರು ಹೇಳಿಯೇ ನಾನು ತಿಳಿದದ್ದು.

ಆಟ ಬಿಡಿಸಿ ಎಂದು ನಾನು ಹೇಳಲಾರೆ. ತಲೆಯ ಪೆಟ್ಟುಗಳಲ್ಲಿ ಹೆಚ್ಚಿನವು ಟ್ಯಾಕಲ್‌ನಲ್ಲಿ ಆಗುತ್ತವೆ, ಅದರಲ್ಲೂ ಚೆಂಡು ಹಿಡಿದವರಿಗಿಂತ ತಡೆಯಲು ಹೋದವರಿಗೇ. ಕಾರಣ, ನೇರ ನಿಂತು ತಲೆಯನ್ನು ತಪ್ಪು ಬದಿಗೆ ಒಡ್ಡುವುದು. ಮುಂದಿನ ಸಲ ಮೈದಾನಕ್ಕೆ ಹೋದಾಗ ಒಂದು ಕಡೆ ನಿಂತು ನೋಡಿ: ಮಗಳು ಮೊಣಕಾಲು ಬಾಗಿಸಿ, ಎದುರಿನವಳ ತೊಡೆಗೆ ತನ್ನ ಕೆನ್ನೆ ತಾಗುವಂತೆ, ತಲೆಯನ್ನು ಓಡುವವಳ ದಾರಿಗೆ ಅಡ್ಡ ಹಾಕದೆ ಹಿಂಬದಿಗೆ ಇಟ್ಟು ಹಿಡಿಯುತ್ತಿದ್ದಾಳೆಯೇ? ಇಲ್ಲವಾದರೆ ತರಬೇತುದಾರರು ಅವಳನ್ನು ಪಂದ್ಯಕ್ಕೆ ಕರೆಯುವ ಮೊದಲು ಮಂಡಿಯೂರಿಸಿ, ನಿಧಾನವಾಗಿ ನಡೆದು ಬರುವವಳನ್ನು ಹಿಡಿಯುವುದರಿಂದ ಪಾಠ ಮತ್ತೆ ಶುರುಮಾಡಬೇಕು. 21 ದಿನದ ವಿಷಯವನ್ನು ಅವರಿಗೆ ಹೇಳಲು ನಿಮಗೆ ಮುಜುಗರವಾದರೆ ಈ ಪುಟವನ್ನೇ ಹರಿದು ಅವರ ಕೈಗೆ ಕೊಡಿ.